ಮದುವೆಗಳ ಪೆಟ್ಟಿಗೆಗೆ ಎರಡನೆಯ ಡಿಸ್ಕು

ರಾಯಚೂರಿನ ಆ ಓಣಿಯಲ್ಲಿ ಭಾಗ್ಯಜ್ಯೋತಿಯ ಮನೆ ಯಾವುದು ಎಂದು ಕೇಳಿದರೆ ಒಂದಿಬ್ಬರಾದರೂ ತಲೆ ಕೆರೆದುಕೊಂಡಾರು. ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವಾಕೆಯ ಮನೆ ಎಂದರೆ ಯಾರಾದರೂ ಕೈಮಾಡಿ ತೋರಿಸುತ್ತಾರೆ. ಗಂಡ ಗದ್ದೆಪ್ಪ ಕ್ಯಾಮರಾ ಹೊತ್ತು ದೇವದುರ್ಗದ ಕಡೆ, ಮಾನ್ವಿಯ ಕಡೆ ಹಳ್ಳಿಹಳ್ಳಿಗೆ ಹೋಗಿ ಮದುವೆ ಹಿಡಿದು ತರುತ್ತಾನೆ. ಭಾಗ್ಯಜ್ಯೋತಿ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೇಡವಾದದ್ದನ್ನು ಕತ್ತರಿಸಿ, ಮಾತಿನ ಮೇಲೆ ಸಿನಿಮಾ ಹಾಡು ಹಾಕಿ, ಮದುಮಕ್ಕಳ ಮೇಲೆ ಬಣ್ಣದ ಹೂವು ಬೀಳಿಸಿ ಕೊಡುತ್ತಾಳೆ. ಹಿಡಿಯುವುದು ಅವನದು, ಕಾಯುವುದು ಇವಳದು.

ಕಾಯುವುದು ಎಂದರೆ ನಿಜವಾಗಿಯೂ ಕಾಯುವುದೇ. ಈ ಕೆಲಸದವರು ಸಾಮಾನ್ಯವಾಗಿ ವಿಡಿಯೋ ಕೊಟ್ಟ ಕೆಲವು ತಿಂಗಳಿಗೆ ತಮ್ಮ ಬಳಿಯದನ್ನು ಅಳಿಸಿಬಿಡುತ್ತಾರೆ. ಮುಂದಿನ ಮದುವೆಗೆ ಜಾಗ ಬೇಕಲ್ಲ. ಭಾಗ್ಯಜ್ಯೋತಿ ಅಳಿಸುವುದಿಲ್ಲ. ಹಾಡು ಕೂಡಿಸಿದ್ದನ್ನೂ ಇಡುತ್ತಾಳೆ, ಹಾಡು ಕೂಡಿಸುವ ಮೊದಲು ಕ್ಯಾಮರಾದಿಂದ ಬಂದ ಹಸಿ ವಿಡಿಯೋವನ್ನೂ ಇಡುತ್ತಾಳೆ. ಯಾಕೆಂದರೆ ಅವಳ ಗಿರಾಕಿಗಳು ಒಂದೂರಲ್ಲಿ ನಿಲ್ಲುವ ಜನ ಅಲ್ಲ. ದೇವದುರ್ಗದ ಕಡೆಯವರು ವರ್ಷದಲ್ಲಿ ಆರು ತಿಂಗಳು ಪುಣೆಯಲ್ಲೋ ಬೆಂಗಳೂರಲ್ಲೋ ಕಟ್ಟಡದ ಕೆಲಸದ ಮೇಲೆ ಇರುತ್ತಾರೆ, ತಗಡಿನ ಶೆಡ್ಡಿನಲ್ಲಿ. ಮಳೆ ನೀರು ಒಳಗೆ ಬಂದು ಸೀಡಿ ಹಾಳಾಗುತ್ತದೆ, ಪೆನ್‌ಡ್ರೈವು ಮಕ್ಕಳ ಕೈಗೆ ಸಿಕ್ಕಿ ಕಳೆಯುತ್ತದೆ. ಐದಾರು ವರ್ಷ ಕಳೆದ ಮೇಲೆ ಫೋನು ಬರುತ್ತದೆ, ‘ಯಕ್ಕಾ, ನಮ್ಮ ಮದುವಿ ನಿಮ್ಮ ಬಲ್ಲಿ ಅದನು?’ ಎಂದು.

ಎಲ್ಲವೂ ಇರುವುದು ಕಪಾಟಿನ ಮೇಲಿನ ಒಂದು ಕರಿ ಪೆಟ್ಟಿಗೆಯಲ್ಲಿ. ಎರಡು ಇಟ್ಟಿಗೆ ಜೋಡಿಸಿದಷ್ಟು ದೊಡ್ಡದು, ಮನೆಯ ವೈಫೈಗೆ ಕೂಡಿಸಿದ್ದು. ಅದರ ಹೊಟ್ಟೆಯಲ್ಲಿ ಡಿಸ್ಕು ಇಡುವ ಖಾನೆ ಎರಡು. ಒಂದರಲ್ಲಿ ಡಿಸ್ಕು ಇದೆ. ಇನ್ನೊಂದು ತಂದ ದಿನದಿಂದ ಖಾಲಿ. ‘ಆಮ್ಯಾಲ ತರೋಣ’ ಎಂದು ಗದ್ದೆಪ್ಪ ಅಂದದ್ದು ಹಾಗೇ ಉಳಿದು, ಆ ಖಾಲಿ ಖಾನೆಯಲ್ಲಿ ಅವನು ಬೀಡಿ ಕಟ್ಟು ಬಚ್ಚಿಡುತ್ತಿದ್ದ.

ಆ ಬೇಸಿಗೆಯ ಒಂದು ಬುಧವಾರ ಚನ್ನಮಲ್ಲಮ್ಮನ ಫೋನು ಬಂತು. ಚನ್ನಮಲ್ಲಮ್ಮ ದೇವದುರ್ಗದ ಆಚೆ ಕೃಷ್ಣಾ ದಂಡೆಯ ಹಳ್ಳಿಯವಳು, ಪುಣೆಯಲ್ಲಿ ಇಟ್ಟಿಗೆ ಹೊರುವ ಕೆಲಸ.

“ಯಕ್ಕಾ, ನಮ್ಮ ತಮ್ಮನ ಮದುವಿ ಇಟ್ಟೀದಿಲ್ಲ?”

“ಅದ ತಗೋ. ಎಲ್ಲಿ ಹೋಗ್ತದ?”

“ನಮ್ಮವ್ವ ಸತ್ತು ವರ್ಷ ಆಗಾಕ ಬಂತು. ಐತವಾರ ರಾಯಚೂರಿಗಿ ಇಳೀತೀನಿ, ಅದನ್ನ ತಗೊಂಡಾ ಊರಿಗಿ ಹೋಗಾಕಿ. ವರ್ಷದ ದಿನ ಎಲ್ಲಾರೂ ನೋಡಬೇಕಂತಾರ. ನಮ್ಮವ್ವನ ಫೋಟೋ ಅಂತ ಇರೋದು ಆಧಾರ್ ಕಾರ್ಡಿಂದು ಒಂದಾ. ಅದ್ರಾಗ ಆಕಿ ಕುರಿ ಕದ್ದು ಸಿಕ್ಕೊಂಡಾಕಿ ಕಂಡಂಗ ಕಾಣ್ತಾಳ. ತಮ್ಮನ ಮದುವ್ಯಾಗ ಹೊಸ ಸೀರಿ ಉಟ್ಟು ನಕ್ಕಾಳ, ಯಕ್ಕಾ. ಆ ನಗಿ ಒಂದು ಬೇಕು.”

“ಬಾ, ತಯಾರ್ ಮಾಡಿ ಇಟ್ಟಿರ್ತೀನಿ,” ಎಂದಳು ಭಾಗ್ಯಜ್ಯೋತಿ.

ಫೋನಿಟ್ಟು ಆ ಮದುವೆಯನ್ನು ತೆಗೆಯಲು ಹೋದರೆ ಅದು ತೆರೆಯಲೇ ಇಲ್ಲ. ಕಪಾಟಿನ ಮೇಲಿಂದ ‘ಟಕ್, ಟಕ್’ ಎಂದು ಸದ್ದು ಬಂತು, ಹಲ್ಲಿ ಲೊಚಗುಟ್ಟುವುದಕ್ಕಿಂತ ಒಣಗಿದ ಸದ್ದು. ಪೆಟ್ಟಿಗೆಯ ಹಸಿರು ದೀಪ ಕೇಸರಿಗೆ ತಿರುಗಿತ್ತು. ಕಂಪ್ಯೂಟರಿನಲ್ಲಿ ಕೆಂಪು ಅಕ್ಷರ ಬಂದಿತ್ತು: ಡಿಸ್ಕು ಕೆಡುತ್ತಿದೆ, ಕೂಡಲೇ ಎರಡನೆಯ ಡಿಸ್ಕು ಹಾಕಿ ಜೋಡಿ ಮಾಡಿಕೊಳ್ಳಿ. ಜೋಡಿ ಎಂದರೆ, ಒಂದರಲ್ಲಿ ಇರುವುದೆಲ್ಲ ಕನ್ನಡಿಯಲ್ಲಿ ಕಂಡಂತೆ ಇನ್ನೊಂದರಲ್ಲೂ ಮೂಡುತ್ತದೆ. ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ.

ಇದು ಅವಳಿಗೆ ಹೊಸ ಮಾತೇನಲ್ಲ. ಅವಳು ಮಾನ್ವಿ ತಾಲೂಕಿನ ಮಲ್ಲಟದ ಕುರಿ ಕಾಯುವ ಮನೆಯ ಮಗಳು. ರೋಗದ ಕಾಲ ಬಂದರೆ ಅವಳಪ್ಪ ಹಿಂಡನ್ನು ಎರಡು ಮಾಡಿ, ಅರ್ಧ ತಾನು ಹೊಡೆದುಕೊಂಡು ಅರ್ಧ ತಮ್ಮನ ಕೈಗೆ ಕೊಟ್ಟು ಬೇರೆ ಬೇರೆ ದಾರಿ ಹಿಡಿಯುತ್ತಿದ್ದ. ಒಂದೇ ಹಟ್ಟಿಯಲ್ಲಿ ಎಲ್ಲವನ್ನೂ ಕೂಡಿಹಾಕಿದ್ದಕ್ಕೆ ಅವಳು ಈಗ ತನ್ನನ್ನೇ ಬೈದುಕೊಂಡಳು.

“ಬಿಸಿಲಿಗಿ ಹಂಗ ಮಾಡ್ತದ ಬಿಡು,” ಎಂದ ಗದ್ದೆಪ್ಪ. “ಮನಷ್ಯಾರಿಗೇ ತಡಿಯಾಕ ಆಗವಲ್ದು. ಒಂದು ಹಸಿ ಅರಬಿ ಹಾಕು ಅದರ ಮ್ಯಾಲ.”

“ಹಸಿ ಅರಬಿ ನಿಮ್ಮ ತಲಿ ಮ್ಯಾಲ ಹಾಕ್ಕೋರಿ. ಹೋಗಿ ಡಿಸ್ಕ್ ತರ್ರಿ ಮೊದಲ.”

ಗದ್ದೆಪ್ಪ ಹೋದ, ತಂದ. ತಂದದ್ದು ಅಂಗೈಯಲ್ಲಿ ಹಿಡಿಯುವಂಥ ಸಣ್ಣ ಡಿಸ್ಕು. ಖಾನೆಯಲ್ಲಿಟ್ಟರೆ ತೊಟ್ಟಿಲಲ್ಲಿ ಬೆಕ್ಕಿನ ಮರಿ ಇಟ್ಟಂತೆ ಅತ್ತಿತ್ತ ಆಡಿತು.

“ಇದು ಲ್ಯಾಪ್‌ಟಾಪಿಂದು ರೀ!”

“ಡಿಸ್ಕ್ ಕೊಡಂದೆ, ಡಿಸ್ಕ್ ಕೊಟ್ಟ. ನಾ ಏನು ಅದರ ಜಾತಕ ಕೇಳ್ಲಿ?”

ಮರುದಿನ ಬೆಳಿಗ್ಗೆ ಅದನ್ನು ಬದಲಿಸಿ ತರಲು ಇಬ್ಬರೂ ಹೋದರು. ಅಂಗಡಿಯ ಸುಭಾಷ್ ಒಳ್ಳೆಯ ಹುಡುಗನೇ, ಆದರೆ ಹೆಂಗಸು ಕೇಳಿದ ಪ್ರಶ್ನೆಗೆ ಗಂಡಸಿನ ಮುಖ ನೋಡಿ ಉತ್ತರ ಹೇಳುವ ಚಟ.

“ಗದ್ದೆಪ್ಪಣ್ಣ, ಇದು ಸ್ವಲ್ಪ ಟೆಕ್ನಿಕಲ್ ಮಾತು, ನೀವು ಕೇಳ್ರಿ.”

“ಅವರು ಕೇಳಿ ಏನ್ ಮಾಡ್ತಾರಪ್ಪಾ?” ಎಂದಳು ಭಾಗ್ಯಜ್ಯೋತಿ. “ಮನಿಗಿ ಬಂದು ‘ಏನೋ ಅಂದ ಬೇ’ ಅಂತಾರ. ನನಗ ಹೇಳು. ಹಳೇದು ನಾಲ್ಕು ಟಿಬಿದು ಅದ.”

“ಇದೂ ನಾಲ್ಕಾ ರೀ ಅಕ್ಕಾ. ಕಂಪನಿ ಬ್ಯಾರೆ, ಅಷ್ಟಾ.”

“ಬ್ಯಾರೆ ಆದ್ರ ನಡೀತದನು?”

“ನಡ್ಯಾದೇನ್ರಿ, ಓಡ್ತದ.”

ಮನೆಗೆ ಬರುವಷ್ಟರಲ್ಲಿ ನಳಕ್ಕೆ ನೀರು ಬಂದಿತ್ತು. ಅವರ ಓಣಿಯಲ್ಲಿ ನೀರು ಬಂತೆಂದರೆ ಉಳಿದ ಕೆಲಸ ಯಾವುದೇ ಇದ್ದರೂ ನಿಲ್ಲಬೇಕು. ಭಾಗ್ಯಜ್ಯೋತಿ ಕೊಡ ಹಿಡಿದು ಓಡಿದಳು. ‘ನಾ ಬರೋಮಟ ಅದನ್ನ ಮುಟ್ಟಬ್ಯಾಡ್ರಿ’ ಎಂದು ಹೇಳಿಯೇ ಓಡಿದಳು. ನೀರು ತುಂಬಿ ಬಂದು ನೋಡಿದರೆ ಡಿಸ್ಕು ಆಗಲೇ ಖಾನೆಯಲ್ಲಿ ಕೂತಿತ್ತು, ಗದ್ದೆಪ್ಪ ಕೈ ಒರೆಸಿಕೊಳ್ಳುತ್ತ ದೊಡ್ಡ ಕೆಲಸ ಮಾಡಿದವನಂತೆ ನಿಂತಿದ್ದ.

ಪೆಟ್ಟಿಗೆಗೆ ಮಾತ್ರ ಹೊಸ ಡಿಸ್ಕು ಕಾಣಲೇ ಇಲ್ಲ. ಎರಡನೆಯ ಖಾನೆ ಖಾಲಿ ಎಂದೇ ಹೇಳಿತು. ತೆಗೆದು ಹಾಕಿದಳು, ಖಾಲಿ. ಆರಿಸಿ ಹಚ್ಚಿದಳು, ಖಾಲಿ. ಹಾಗೆ ಆರಿಸಿ ಹಚ್ಚಿದಾಗಲೆಲ್ಲ ಹಳೆಯ ಡಿಸ್ಕು ಟಕ್ ಟಕ್ ಎಂದು ಇನ್ನಷ್ಟು ಹೊತ್ತು ತಿಣುಕುತ್ತಿತ್ತು. ಕೊನೆಗೆ ಹೊಸದನ್ನು ಸೆರಗಿನಲ್ಲಿ ಸುತ್ತಿಕೊಂಡು, ಆಟೋ ಹತ್ತಿ, ಒಬ್ಬಳೇ ಸುಭಾಷನ ಅಂಗಡಿಗೆ ಹೋದಳು. ನಡುಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಸುಭಾಷ್ ಡಿಸ್ಕನ್ನು ತಿರುವಿ ನೋಡಿದ, ಉಫ್ ಎಂದು ಊದಿದ, ಬಟ್ಟೆಯಿಂದ ಒರೆಸಿ ತನ್ನ ಯಂತ್ರಕ್ಕೆ ಚುಚ್ಚಿದ. ಅಲ್ಲಿ ಅದು ಚೆನ್ನಾಗಿಯೇ ನಡೆಯಿತು.

“ಡಿಸ್ಕ್ ಬರೋಬರಿ ಅದ ಅಕ್ಕಾ. ಆದ್ರ ಅರಿಷಿಣದ ಕೈಲೆ ಇಂಥಾವೆಲ್ಲ ಹಿಡೀಬಾರ್ದು ನೋಡ್ರಿ. ಅಡಿಗಿ ಬ್ಯಾರೆ, ಇದು ಬ್ಯಾರೆ.”

ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಭಾಗ್ಯಜ್ಯೋತಿ ಅವತ್ತು ಅರಿಷಿಣ ಮುಟ್ಟಿರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಅವಳಿಗೆ ತಟ್ಟನೆ ಹೊಳೆಯಿತು. ಆಟೋದಲ್ಲಿ ಬರುವಾಗ ಅವಳ ಮುಖ ನೋಡಿ ಆಟೋದವನು ಬಾಡಿಗೆಯ ಮಾತು ಎತ್ತಲಿಲ್ಲ.

“ಏನ್ರಿ, ಭಂಡಾರ ಹಾಕೀರಿ?” ಎಂದು ಮನೆಯ ಹೊಸಿಲಲ್ಲೇ ಗಂಡನನ್ನು ಕೇಳಿದಳು.

ಗದ್ದೆಪ್ಪನ ಮನೆದೇವರು ಬೀರಪ್ಪ. ದೇವರ ಗುಡಿಯಿಂದ ತಂದ ಅರಿಷಿಣದ ಪುಡಿಗೆ ಭಂಡಾರ ಎನ್ನುತ್ತಾರೆ. ಹೊಸ ಕುರಿ, ಹೊಸ ಬಾಗಿಲು, ಹೊಸ ಸೊಸೆ, ಏನೇ ಬರಲಿ ಮೊದಲು ಅದರ ಮೇಲೆ ಭಂಡಾರ ಬೀಳಬೇಕು. ಅವನ ಕ್ಯಾಮರಾ, ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡು, ದೀಪದ ಛತ್ರಿ, ಎಲ್ಲವೂ ಭಂಡಾರ ಹಚ್ಚಿಸಿಕೊಂಡೇ ಕೆಲಸಕ್ಕೆ ಇಳಿದವು.

“ಹಾಕೀನಿ. ಒಂದು ಚಿಟಿಕಿ,” ಎಂದ ಗದ್ದೆಪ್ಪ. “ಹಾಕದಾ ಒಳಗ ಇಡ್ಲೇನು? ಅಷ್ಟು ಮಂದಿ ಮದುವಿ ಕಾಯೋ ಸಾಮಾನು.”

“ಡಿಸ್ಕಿಗಿ ಹಾಕೀರಿ. ಮತ್ತ ಎಲ್ಲೆಲ್ಲಿ ಹಾಕೀರಿ?”

“ಅದು ಕೂಡೋ ಖಾನ್ಯಾಗೂ ಒಂದಿಟ್ಟು ಉಗ್ಗೀನಿ.”

“ಯಪ್ಪಾ ದೇವರೇ! ಕ್ಯಾಮರಾಕ್ಕ ಮ್ಯಾಲ ಹಚ್ಚತೀರಿ. ಅದರ ಗಂಟಲ್ದಾಗ ಉಗ್ಗತೀರೇನ್ರಿ?”

“ದೇವರ ಭಂಡಾರ ಬೇ. ಅದರಿಂದ ಕೆಡಕ ಆಗಂಗಿಲ್ಲ.”

“ದೇವರದು ಏನೂ ತಪ್ಪಿಲ್ಲ. ಉಗ್ಗಿದ ಕೈದು ತಪ್ಪು.”

ಮೊಬೈಲಿನ ಟಾರ್ಚು ಹಚ್ಚಿ ಖಾನೆಯೊಳಗೆ ನೋಡಿದಳು. ಡಿಸ್ಕಿನ ಬಾಯಿ ಕೂಡುವಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಸಂದುಗಳಿದ್ದವು, ಸಂದಿಯ ತುಂಬ ಹಳದಿ. ಪೆಟ್ಟಿಗೆಯನ್ನು ಆರಿಸಿ, ಬೋರಲು ಹಾಕಿ, ಲೆನ್ಸ್ ಒರೆಸುವ ಮೆತ್ತನೆಯ ಬ್ರಷ್ಷಿನಿಂದ ಕಣ ಕಣ ತೆಗೆದಳು. ಬಿದ್ದ ಭಂಡಾರವನ್ನು ಕಾಲಿಗೆ ಸಿಗದಂತೆ ಕಾಗದದ ಮೇಲೆ ಹಿಡಿದು ತುಳಸಿ ಗಿಡದ ಬುಡಕ್ಕೆ ಹಾಕಿದಳು. ಸಿಟ್ಟು ಗಂಡನ ಮೇಲೆ, ದೇವರ ಮೇಲಲ್ಲ. ಆಮೇಲೆ ಡಿಸ್ಕು ಹಾಕಿದಳು. ಎರಡನೆಯ ದೀಪ ಹಸಿರಾಯಿತು.

“ಹತ್ತಿತಲ್ಲ!” ಎಂದ ಗದ್ದೆಪ್ಪ, ತಾನೇ ಹೊತ್ತಿಸಿದವನಂತೆ.

ಆ ಖುಷಿ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಜೋಡಿ ಮಾಡು ಎಂದು ಒತ್ತಿದರೆ ಪೆಟ್ಟಿಗೆ ಆಗುವುದಿಲ್ಲ ಎಂದಿತು. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದು. ಎರಡರ ಮೇಲೂ ನಾಲ್ಕು ಎಂದೇ ಬರೆದಿದೆ, ಆದರೆ ಒಂದು ಕಂಪನಿಯ ನಾಲ್ಕು ಇನ್ನೊಂದು ಕಂಪನಿಯ ನಾಲ್ಕಿಗಿಂತ ಕೂದಲೆಳೆಯಷ್ಟು ಕಡಿಮೆ. ಒಂದು ಸಣ್ಣ ಮದುವೆ ಹಿಡಿಸುವಷ್ಟೂ ಇಲ್ಲ ಆ ವ್ಯತ್ಯಾಸ. ಅಷ್ಟಕ್ಕೇ ಪೆಟ್ಟಿಗೆ ಹಟ ಹಿಡಿದು ಕೂತಿತು.

ಸುಭಾಷನಿಗೆ ಫೋನು ಮಾಡಿ ಭಂಡಾರದಿಂದ ಹಿಡಿದು ಎಲ್ಲ ಹೇಳಿದಳು.

“ಹಂಗೂ ಆಗ್ತದ ಅಕ್ಕಾ ಒಮ್ಮೊಮ್ಮೆ,” ಎಂದ ಅವನು.

“ಓಡ್ತದ ಅಂದಿದ್ದೆಲ್ಲೋ! ವಾಪಸ್ ತಗೊಂಡು ದೊಡ್ಡದು ಕೊಡು.”

“ಭಂಡಾರ ಬಿದ್ದಿದ್ದು ಹೆಂಗ ವಾಪಸ್ ತಗೊಳ್ಲಿ? ಕಂಪನಿಯೋರಿಗಿ ಪ್ರಸಾದ ಅಂತ ಕಳಿಸ್ಲೇನು? ದೊಡ್ಡದು ಬೇಕಂದ್ರ ಹೈದರಾಬಾದಿನಿಂದ ತರಸಬೇಕು, ಸೋಮವಾರ ಬರ್ತದ.”

ಐತವಾರ ಚನ್ನಮಲ್ಲಮ್ಮ ಬರುತ್ತಾಳೆ. ಕಪಾಟಿನ ಮೇಲೆ ಟಕ್ ಟಕ್ ನಡೆದೇ ಇದೆ. ಸೋಮವಾರದ ತನಕ ಅದು ಬದುಕುತ್ತದೆ ಎಂದು ಯಾರು ಬರೆದುಕೊಟ್ಟಾರು? ಭಾಗ್ಯಜ್ಯೋತಿ ನೆಲಕ್ಕೆ ಕೂತು ಗೋಡೆಗೆ ತಲೆ ಆನಿಸಿದಳು. ಅಳು ಬರಲಿಲ್ಲ. ಏನನ್ನಾದರೂ ಎತ್ತಿ ಒಗೆಯಬೇಕು ಅನಿಸಿತು, ಒಗೆಯುವಂಥದ್ದು ಮನೆಯಲ್ಲಿ ಒಂದೂ ಇರಲಿಲ್ಲ, ಎಲ್ಲ ದುಡಿದು ತಂದದ್ದು.

ಆಮೇಲೆ ಮಾನ್ವಿಗೆ ಫೋನು ಹಚ್ಚಿದಳು, ಜಾಹೆದಾಗೆ.

ಜಾಹೆದಾ ಅವಳಿಗೆ ಈ ವಿದ್ಯೆ ಕಲಿಸಿದಾಕೆ. ಹತ್ತನೆಯ ಇಯತ್ತೆಯಲ್ಲಿ ಫೇಲಾಗಿ ಮಲ್ಲಟದ ಮನೆಯಲ್ಲಿ ಕೂತಿದ್ದ ಹುಡುಗಿ, ಹೊಲಿಗೆ ಕಲಿಯುತ್ತೇನೆಂದು ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗುತ್ತಿದ್ದಳು. ಹೊಲಿಗೆ ಅಂಗಡಿಯ ಪಕ್ಕದಲ್ಲೇ ಜಾಹೆದಾಳ ಮನೆಯವರ ಮಿಕ್ಸಿಂಗ್ ಅಂಗಡಿ. ಕಿಟಕಿಯಲ್ಲಿ ನಿಂತು ನೋಡಿ ನೋಡಿ ಒಂದು ದಿನ ಒಳಗೆ ಹೋದಳು. ‘ನಿಂತು ನೋಡಿದ್ರ ಕಾಲು ನೋಯ್ತಾವ, ಕೂತು ನೋಡು’ ಎಂದಳಂತೆ ಜಾಹೆದಾ. ಮದುವೆಯಾಗಿ ರಾಯಚೂರಿಗೆ ಬಂದಾಗ ಕೊರಳ ಸರಕ್ಕಿಂತ ಮೊದಲು ಭಾಗ್ಯಜ್ಯೋತಿ ಕೇಳಿದ್ದು ಒಂದು ಕಂಪ್ಯೂಟರನ್ನು. ಇವತ್ತಿಗೂ ಅವಳಿಗೆ ಜಾಹೆದಾ ಎಂದರೆ ಆಪಾ, ಅಕ್ಕ.

“ಆಪಾ, ನನ್ನ ಕೈಲೆ ಆಗವಲ್ದು,” ಎಂದು ಶುರು ಮಾಡಿ ಎಲ್ಲ ಹೇಳಿದಳು. ಭಂಡಾರದ ಮಾತಿಗೆ ಜಾಹೆದಾ ಕೆಮ್ಮು ಬರುವಷ್ಟು ನಕ್ಕಳು.

“ಅರೆ, ನಗಬ್ಯಾಡ ಆಪಾ. ಇಲ್ಲಿ ಜೀವ ಹೋಗಾಕತ್ತದ.”

“ಕೇಳಿಲ್ಲಿ. ಜೋಡಿ ಆಸಿ ಬಿಡು. ರೋಗದ ಡಿಸ್ಕನ್ನ ಜೋಡಿ ಮಾಡಾಕ ಹೋದ್ರ ಮೂಲಿಮೂಲಿ ಓದಿಸಿ ಸುಸ್ತ್ ಮಾಡಿ ಕೊಲ್ತದ. ಹೊಸದನ್ನ ಬ್ಯಾರೆ ಮನಿ ಅಂತ ಮಾಡು. ಒಂದೊಂದಾ ಮದುವಿ ಕೈಲೆ ಎತ್ತಿ ಆ ಮನ್ಯಾಗ ಇಡು. ಯಾವುದು ಜರೂರ್ ಅದ, ಅದನ್ನ ಮೊದಲ.”

“ಎಲ್ಲಾನೂ ಜರೂರಾ ಅವ ಆಪಾ.”

“ಹಂಗಂದ್ರ ಎಲ್ಲಾನೂ ಹೋಗ್ತಾವ. ಫ್ಯಾನ್ ಹಚ್ಚು ಅದರ ಮುಂದ, ಜಲ್ದಿ ಜಲ್ದಿ ಎತ್ತು.”

ಶುಕ್ರವಾರ ಬೆಳಗಾಗುತ್ತಲೇ ಶುರು ಮಾಡಿದಳು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಪೆಟ್ಟಿಗೆಯ ಮುಂದೆ ಹೋಯಿತು. ಗದ್ದೆಪ್ಪ ಬನಿಯನ್ನು ಬಿಚ್ಚಿ ಅದರಲ್ಲೇ ಗಾಳಿ ಬೀಸಿಕೊಳ್ಳುತ್ತ, ‘ಮನಷ್ಯಾನಿಗಿಂತ ಡಬ್ಬಿನಾ ಹೆಚ್ಚಾತು’ ಎಂದು ಗೊಣಗಿದ. ಮೊದಲು ಎತ್ತಲು ಹೊರಟದ್ದು ಚನ್ನಮಲ್ಲಮ್ಮನ ತಮ್ಮನ ಮದುವೆಯನ್ನು. ಮೊದಲು ಬಂದದ್ದು ಬ್ಯಾಂಡಿನವರು ಊದುವ ಒಂದು ತುಣುಕು. ಅದು ಬಂತು. ಆಮೇಲೆ, ಎಷ್ಟು ಬಂತೆಂದು ತೋರಿಸುವ ಪರದೆಯ ಗೆರೆ ಅಲ್ಲೇ ನಿಂತಿತು. ಟಕ್, ಟಕ್, ಟಕ್. ಕಾದಳು. ಗೆರೆ ಸರಿಯಲಿಲ್ಲ. ಡಿಸ್ಕಿನ ಹುಣ್ಣು ಇರುವುದು ಸರಿಯಾಗಿ ಆ ಮದುವೆಯ ಕೆಳಗೇ ಎಂದು ತಿಳಿಯಿತು. ಬಿಟ್ಟು ಮತ್ತೆ ಹಿಡಿದರೆ ಮತ್ತೆ ಅಲ್ಲೇ. ಪ್ರತಿ ಸಲವೂ ಟಕ್ ಟಕ್ ಹೆಚ್ಚು ಹೊತ್ತು, ಹೆಚ್ಚು ಜೋರು.

ಅಷ್ಟರಲ್ಲಿ ಕರೆಂಟು ಹೋಯಿತು.

“ಕರೆಂಟ್ ಹುಟ್ಟೋ ಜಿಲ್ಲಾದಾಗ ನಮಗಾ ಕರೆಂಟ್ ಇಲ್ಲ,” ಎಂದು ಗದ್ದೆಪ್ಪ ಹೊರಗೆ ಹೋಗಿ ಯಾರಿಗೆಂದಿಲ್ಲದೆ ಬೈದು ಬಂದ. ಮನೆಯಲ್ಲಿ ಇನ್ವರ್ಟರು ಇತ್ತು, ಬ್ಯಾಟರಿ ಹಳೆಯದು. ಪೆಟ್ಟಿಗೆ ಅದರ ಮೇಲೆ ನಡೆಯಿತು, ಫ್ಯಾನು ನಿಲ್ಲಿಸಬೇಕಾಯಿತು. ಭಾಗ್ಯಜ್ಯೋತಿ ಬೀಸಣಿಗೆ ತೆಗೆದುಕೊಂಡು ಪೆಟ್ಟಿಗೆಗೆ ಗಾಳಿ ಹಾಕುತ್ತ ನಿಂತಳು. ನಿಂತಲ್ಲೇ ಯೋಚನೆ ಮಾಡಿದಳು.

ಈ ಒಂದು ಮದುವೆಯನ್ನೇ ಎಳೆಯುತ್ತ ಕೂತರೆ ಡಿಸ್ಕು ನಡುವೆಯೇ ಸಾಯಬಹುದು. ಸತ್ತರೆ ಒಂದೂ ಉಳಿಯುವುದಿಲ್ಲ. ಇದನ್ನು ಬಿಟ್ಟು ಉಳಿದವನ್ನು ಎತ್ತಿದರೆ ಅವು ಬಂದಾವು. ಆದರೆ ಅವನ್ನೆಲ್ಲ ಎತ್ತುವಷ್ಟರಲ್ಲಿ ಡಿಸ್ಕಿನ ಉಸಿರು ಮುಗಿದು ಇದು ಹೋಗಬಹುದು. ಬರುವಾಕೆ ಇದಕ್ಕಾಗಿಯೇ ಬರುತ್ತಾಳೆ. ಉಳಿದವರು ಯಾರೂ ಇವತ್ತು ಕೇಳುತ್ತಿಲ್ಲ, ಆದರೆ ಅವರದೂ ಬೇರೆಲ್ಲೂ ಇಲ್ಲ.

“ಏನಂತೀರಿ?” ಎಂದು ಗಂಡನನ್ನು ಕೇಳಿದಳು.

ಗದ್ದೆಪ್ಪ ಈ ಸಲ ನಗೆಮಾತು ಆಡಲಿಲ್ಲ. “ನಾ ಏನ್ ಹೇಳ್ಲಿ? ಹೆಂಗ ಮಾಡಿದ್ರೂ ಬೈಸ್ಕೊಳ್ಳೋದದ. ಯಾರ ಕೈಲೆ ಬೈಸ್ಕೋತಿ ನೀನಾ ನೋಡು.”

ಅವಳು ಬೀಸಣಿಗೆ ಅವನ ಕೈಗೆ ಕೊಟ್ಟಳು. ಕೂತು, ಆ ಮದುವೆಯನ್ನು ಬಿಟ್ಟು, ಅದರ ಮುಂದಿನದನ್ನು ಹಿಡಿದಳು. ಗೆರೆ ಸರಸರ ಓಡಿತು. ಓಡಿದ್ದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿ ಉಳಿದವರನ್ನೆಲ್ಲ ಊಟಕ್ಕೆ ಕೂರಿಸಿದಂತೆ ಅನಿಸಿತು.

ಶನಿವಾರ ಸಂಜೆಯ ಹೊತ್ತಿಗೆ ಉಳಿದ ಮದುವೆಗಳೆಲ್ಲ ಹೊಸ ಡಿಸ್ಕಿಗೆ ಬಂದವು. ಕೊನೆಗೆ ಚನ್ನಮಲ್ಲಮ್ಮನದಕ್ಕೆ ತಿರುಗಿದಳು. ಹಳೆಯ ಡಿಸ್ಕು ಟಕ್ ಎಂದಿತು. ಮತ್ತೊಮ್ಮೆ ಟಕ್ ಎಂದಿತು. ಆಮೇಲೆ ಸುಮ್ಮನಾಯಿತು. ಮೊದಲ ದೀಪ ಆರಿತು. ತೆಗೆದಳು, ಹಾಕಿದಳು, ತಣ್ಣಗಾಗಲಿ ಎಂದು ಬಿಟ್ಟಳು, ಕಿವಿಗೆ ಹಚ್ಚಿ ಕೇಳಿದಳು. ಏನೂ ಇಲ್ಲ. ಜಾಹೆದಾ ಫೋನಿನಲ್ಲಿ, “ಹೋಯ್ತು ಬಿಡು, ಕೈ ತೊಳ್ಕೊ,” ಎಂದಳು.

ಐತವಾರ ಚನ್ನಮಲ್ಲಮ್ಮ ಬಂದಳು. ರೈಲಿಳಿದು ನೇರ ಬಂದಿದ್ದಳು, ಕಂಕುಳಲ್ಲಿ ಚೀಲ. ಊರಿನ ನೆಂಟರಿಗೆಂದು ಪುಣೆಯಿಂದ ತಂದ ಬಾಕರವಡಿ ತಿಂಡಿಯಲ್ಲಿ ಒಂದು ಪೊಟ್ಟಣ ಇವರಿಗೂ ತಂದಿದ್ದಳು. ಅದನ್ನು ಕೈಗೆ ಕೊಡುವ ಮೊದಲೇ ಭಾಗ್ಯಜ್ಯೋತಿ ಹೇಳಿಬಿಟ್ಟಳು.

“ಕೂಡು, ಚನ್ನಮಲ್ಲಮ್ಮ. ನಿನ್ನ ತಮ್ಮನ ಮದುವಿ ಹೋತು. ಬ್ಯಾಂಡ್ ಬಾರಿಸೋದು ಒಂದು ತುಣುಕು ಉಳದದ.”

“ಬ್ಯಾಂಡಿನೋರ್ನ ತಗೊಂಡು ನಾ ಏನ್ ಮಾಡ್ಲಿ?” ಎಂದಳು ಚನ್ನಮಲ್ಲಮ್ಮ. ಅವಳಿಗೆ ಮಾತು ಇನ್ನೂ ಪೂರ್ತಿ ಮುಟ್ಟಿರಲಿಲ್ಲ. “ಎಲ್ಲಿ ಹೋಗ್ತದ ಅಂದಿದ್ದೆಲ್ಲ ಬುಧವಾರ?”

“ಅಂದಿದ್ದೆ. ಡಿಸ್ಕ್ ಕೆಟ್ಟಿತ್ತು, ನನಗ ತಿಳದಿದ್ದಿಲ್ಲ.”

“ಎಲ್ಲಾರದೂ ಹೋತಾ?”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗದ್ದೆಪ್ಪ ಹಿಂದಿನಿಂದ ಹಾಗೇ ಹೇಳು ಎಂದು ಕಣ್ಸನ್ನೆ ಮಾಡಿದ. ಭಾಗ್ಯಜ್ಯೋತಿ ತಲೆ ಅಲ್ಲಾಡಿಸಿದಳು.

“ಇಲ್ಲ. ನಿಂದನ್ನ ಹಿಡ್ಕೊಂಡು ಕೂತ್ರ ಎಲ್ಲಾನೂ ಹೋಗ್ತಿದ್ವು. ನಿಂದು ಕಡೀಕ ಇಟ್ಟೆ. ಉಳಿದಾವು ಬಂದ್ವು.”

“ನಂದೊಂದಾ ಕಡೀಕ.”

“ಹೂಂ.”

“ನಾ ಬರ್ತೀನಂತ ಹೇಳಿದ್ದೆ. ಹೇಳಿದಾಕಿದು ಕಡೀಕ, ಹೇಳಲಾರದೋರದು ಮೊದಲ. ಛಲೋ ನ್ಯಾಯ ಯಕ್ಕಾ ನಿಂದು. ಯಾರ್ಯಾರು ಅವರು, ನಮ್ಮವ್ವಗಿಂತ ದೊಡ್ಡೋರು? ಹೇಳು, ಕೇಳೂನು.”

ಭಾಗ್ಯಜ್ಯೋತಿ ಪರದೆಯ ಮೇಲಿನ ಹೆಸರು ಓದಿದಳು. ಚನ್ನಮಲ್ಲಮ್ಮನ ಊರಿನವೇ ಕೆಲವಿದ್ದವು. ಅಮೋಘಸಿದ್ದನ ಮದುವೆ. ಗಡಿಗೆಪ್ಪನ ಮಗಳ ಮದುವೆ.

“ಗಡಿಗೆಪ್ಪನ ಮಗಳದು ಉಳೀತು!” ಚನ್ನಮಲ್ಲಮ್ಮನ ದನಿ ಏರಿತು. “ಆ ಮದುವ್ಯಾಗ ಮುಂಜಾನಿಂದ ಸಂಜೀಮಟ ಹುಗ್ಗಿ ಬಕೀಟ್ ಹೊತ್ತಾಕಿ ಯಾರು? ನಮ್ಮವ್ವ. ಆ ಊರಾಗ ಯಾರ ಮದುವಿ ಆದ್ರೂ ಹುಗ್ಗಿ ನೀಡೋಕಿ ಆಕೀನಾ. ಬ್ಯಾರೆಯೋರ ಕೈಗಿ ಸೌಟ್ ಕೊಟ್ರ ಜಗಳಾ ತಗೀತಿದ್ಲು. ಎಲ್ಲಾರಿಗೂ ನೀಡಿ ನೀಡಿ…”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಭಾಗ್ಯಜ್ಯೋತಿ ಕುರ್ಚಿ ಎಳೆದಳು. ಗಡಿಗೆಪ್ಪನ ಮಗಳ ಮದುವೆ ತೆರೆದಳು. ಚನ್ನಮಲ್ಲಮ್ಮ ಕುರ್ಚಿಯ ಹಿಂದೆ ನಿಂತಳು, ಚೀಲ ಇನ್ನೂ ಕಂಕುಳಲ್ಲೇ. ಹಾಡು ಹೊಡೆದುಕೊಂಡು ಬಂತು, ಮದುಮಗಳ ಮೇಲೆ ಗುಲಾಬಿ ಬಿತ್ತು. ಊಟದ ಪಂಕ್ತಿ ಬಂದು ಹೋಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ.

“ಇದು ಮಿಕ್ಸಿಂಗ್ ಆದದ್ದು. ಉಣ್ಣೋದೆಲ್ಲ ಕತ್ತರಿಸಿರ್ತೀನಿ, ನೋಡೋರಿಗೆ ಬ್ಯಾಸರಾಗ್ತದ ಅಂತ,” ಎಂದಳು ಭಾಗ್ಯಜ್ಯೋತಿ. ಹಾಗೆ ಅನ್ನುವಾಗ ಅವಳಿಗೆ ತನ್ನ ಕತ್ತರಿಯ ಮೇಲೆಯೇ ಬೇಸರ ಬಂತು. “ತಡಿ, ಹಸೀದು ಅದ.”

ಹಸಿ ವಿಡಿಯೋ ಬಲು ಉದ್ದ. ಅದರಲ್ಲಿ ಹಾಡಿಲ್ಲ, ಹೂವಿಲ್ಲ. ನಾಯಿ ಬೊಗಳುವುದು, ಮೈಕಿನವನು ಹಲೋ ಹಲೋ ಎನ್ನುವುದು, ಎಲ್ಲ ಇದೆ. ಗದ್ದೆಪ್ಪನ ಕ್ಯಾಮರಾ ಮದುಮಗಳ ಕೊರಳು ಬಿಟ್ಟು ಕದಲುವುದೇ ಇಲ್ಲ.

“ಬರೀ ಸರಾನಾ ಹಿಡದೀರಲ್ರಿ, ಮಂದೀನ ಹಿಡೀಬಾರದೇನು?” ಎಂದು ಹೆಂಡತಿ ಗದರಿದಳು.

“ಸರ ಹಿಡೀಲಿಲ್ಲಂದ್ರ ಹೆಣ್ಣಿನೋರು ಜಗಳಾ ತಗೀತಾರ ಬೇ!”

ಮುಂದೆ ಓಡಿಸಿದಳು, ನಿಲ್ಲಿಸಿದಳು, ಮತ್ತೆ ಓಡಿಸಿದಳು. ಒಂದು ಕಡೆ ಬರೀ ಒಂದು ಬಕೀಟು, ಬಕೀಟು ಹಿಡಿದ ಕೈ. ಇನ್ನೊಂದು ಕಡೆ ಕಂಬದ ಆಚೆ ಅರ್ಧ ಬೆನ್ನು. ಚನ್ನಮಲ್ಲಮ್ಮ ಹಲ್ಲು ಕಚ್ಚಿದಳು. “ಈಕೀನಾ, ಈಕೀನಾ. ಮಾರಿ ತೋರಸವಲ್ಲಳು ನೋಡು! ಬದುಕಿದ್ದಾಗೂ ಹಿಂಗಾ, ಒಂದು ಕಡಿ ನಿಂದ್ರತಿದ್ದಿಲ್ಲ.”

ಆಮೇಲೆ, ಗದ್ದೆಪ್ಪ ಕ್ಯಾಮರಾವನ್ನು ಆರಿಸಲು ಮರೆತು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ ಒಂದು ಜಾಗ ಬಂತು. ಪಂಕ್ತಿಯ ಎಲೆಗಳು ಓರೆಯಾಗಿ ಕಾಣುತ್ತಿದ್ದವು. ಹುಗ್ಗಿಯ ಬಕೀಟು ಹತ್ತಿರ ಬಂತು, ಸೆರಗು ಸೊಂಟಕ್ಕೆ ಬಿಗಿದ ಎತ್ತರದ ಹೆಂಗಸು ಬಾಗಿದಳು. ಇಡೀ ಮುಖ ಪರದೆಯ ತುಂಬ ಬಂತು. ಬೆವೆತಿತ್ತು, ಮೂಗಿನ ತುದಿಗೆ ಹಿಟ್ಟು ಹತ್ತಿತ್ತು. ನಗುತ್ತಿರಲಿಲ್ಲ, ಗದರುತ್ತಿದ್ದಳು.

“ಏ ಕ್ಯಾಮರಾದಾವ, ಮಂದಿ ಉಣ್ಣೋದಾ ಹಿಡೀತಿ, ನೀ ಉಂಡೇನು?”

“ಆಮ್ಯಾಲ ಉಣ್ತೀನಿ ಬೇ,” ಎಂದಿತು ಗದ್ದೆಪ್ಪನ ಹಳೆಯ ದನಿ.

“ಆಮ್ಯಾಲ ಯಾರು ನೀಡ್ತಾರ ನಿನಗ? ಹಿಡಿ ಎಲಿ.”

ಭಾಗ್ಯಜ್ಯೋತಿ ಅಲ್ಲಿಗೆ ನಿಲ್ಲಿಸಿದಳು. ಚನ್ನಮಲ್ಲಮ್ಮ ಕಂಕುಳಿನ ಚೀಲ ಕೆಳಗಿಟ್ಟಳು. ಆಮೇಲೆ ಗದ್ದೆಪ್ಪನ ಕಡೆ ತಿರುಗಿ, “ಉಂಡ್ರೋ ಇಲ್ಲೋ ಆವತ್ತು?” ಎಂದು ಕೇಳಿದಳು.

ಗದ್ದೆಪ್ಪನಿಗೆ ನೆನಪಿರಲಿಲ್ಲ. ಅವನು ಹಿಡಿದ ಮದುವೆಗಳು ಎಷ್ಟೋ, ಉಂಡ ಹುಗ್ಗಿ ಎಷ್ಟೋ. “ಉಂಡಿರಬೇಕು,” ಎಂದ. ಆಕೆಯ ಮುಖ ನೋಡಿ, “ಉಂಡೆ. ಎರಡು ಸೌಟು ಹಾಕಿದ್ಲು,” ಎಂದ.

“ಸುಳ್ಳಾ ಹೇಳಬ್ಯಾಡ್ರಿ. ಆಕಿ ಯಾರಿಗೂ ಎರಡು ಸೌಟ್ ಹಾಕತಿದ್ದಿಲ್ಲ,” ಎಂದಳು ಚನ್ನಮಲ್ಲಮ್ಮ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. ಭಾಗ್ಯಜ್ಯೋತಿಯ ಕಡೆ ನೋಡಿದಾಗ ಅವಳ ಮುಖ ಮತ್ತೆ ಬಿಗಿಯಾಯಿತು. “ನಮ್ಮ ತಮ್ಮನ ಮದುವಿ ಕಡೀಕ ಇಟ್ಟಿದ್ದು ನಾ ಮರೆಯಂಗಿಲ್ಲ. ಹೊಸ ಸೀರಿ, ನಗಿ ಎಲ್ಲಾ ಹೋತು. ಅದು ಬ್ಯಾರೆ ಮಾತು.”

“ಮರೀಬ್ಯಾಡ,” ಎಂದಳು ಭಾಗ್ಯಜ್ಯೋತಿ.

“ಅಮೋಘಸಿದ್ದಂದು ತಗಿ. ಅದರಾಗೂ ಆಕೀನಾ ಹುಗ್ಗಿ ನೀಡಿದ್ದು.”

ಭಾಗ್ಯಜ್ಯೋತಿ ತೆಗೆದಳು. ಚನ್ನಮಲ್ಲಮ್ಮ ನೆಲಕ್ಕೆ ಕೂತಳು. ಬಸ್ಸಿನ ಹೊತ್ತು ಮೀರುತ್ತದೆ ಎಂದು ಗದ್ದೆಪ್ಪ ಹೇಳಲು ಬಾಯಿ ತೆರೆದವನು ಹೆಂಡತಿಯ ಕಣ್ಣು ನೋಡಿ ಸುಮ್ಮನೆ ಒಳಗೆ ಹೋಗಿ ಚಹಾಕ್ಕೆ ಇಟ್ಟ.